ಮನೆ ಎಂಬ ಸ್ಟೇಷನ್ನು

ಕೋಕಿಲಾ ಆಂಟಿಗೆ ಆ ಹೆಸರಿಟ್ಟವರು ಅವರ ದನಿ ಕೇಳುವ ಮೊದಲೇ ಇಟ್ಟಿರಬೇಕು. ಸಿಯಾಲ್ದಾ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು, ಕಿಂಡಿಯಾಚೆಯ ಗದ್ದಲವನ್ನು ಮೀರಿಸಿ ಕೂಗಿ ಕೂಗಿ, ಅವರ ಗಂಟಲು ಈಗ ಜಲ್ಲಿಯ ಮೇಲೆ ಕೈಗಾಡಿ ಎಳೆದ ಹಾಗೆ ಕೇಳಿಸುತ್ತದೆ. ಮೂರೇ ಮಾತಿನಲ್ಲಿ ಉತ್ತರ ಕೊಡುವುದು ಅಲ್ಲಿಂದಲೇ ಬಂದ ಚಾಳಿ. "ಒಂಬತ್ತು. ನಲವತ್ತು ನಿಮಿಷ ಲೇಟು. ಮುಂದ." ನಾಲ್ಕನೆಯ ಮಾತು ಕೇಳಿದವರಿಗೆ ಬೈಗುಳ. ಬೈಗುಳ ಮಾತ್ರ ಧಾರವಾಡದ ಕನ್ನಡದಲ್ಲೇ ಇರುತ್ತಿತ್ತಂತೆ. ಅರ್ಥವಾಗದ್ದರಿಂದ ಯಾರೂ ದೂರು ಕೊಡಲಿಲ್ಲ.

ಧಾರವಾಡದ ಹುಡುಗಿ ಕೋಲ್ಕತ್ತಕ್ಕೆ ಬಂದದ್ದು ಚಂದ್ರಹಾಸ ಅಂಕಲ್ ಅವರನ್ನು ಮದುವೆಯಾಗಿ. ಅಂಕಲ್ ಕುಮಟೆಯವರು. ಬಾರಾನಗರದ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದರು. ಮೂವತ್ತು ವರ್ಷ ಹೆಂಡತಿ ಕೂಗುವ ಕೆಲಸ ಮಾಡಿದರು, ಗಂಡ ಸುಮ್ಮನಿರಿಸುವ ಕೆಲಸ ಮಾಡಿದರು. ಇಬ್ಬರೂ ಈಗ ಅದೇ ಬಾರಾನಗರದ ಎರಡನೇ ಮಹಡಿಯ ಫ್ಲಾಟಿನಲ್ಲಿ, ಅದೇ ಅಭ್ಯಾಸದಲ್ಲಿ ಇದ್ದಾರೆ.

ನಾನು ನಮ್ರತಾ, ಮೈಸೂರಿನವಳು. ನ್ಯೂ ಟೌನ್‌ನ ಕಂಪನಿಯೊಂದಕ್ಕೆ ಬಂದು ಆಗ ಆರು ತಿಂಗಳಾಗಿತ್ತು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಎರಡನೇ ಹೋಳಿಗೆಗೆ ಕೈ ಚಾಚಿದಾಗ ಬಡಿಸುತ್ತಿದ್ದ ಹೆಂಗಸು ಹೋಳಿಗೆಯನ್ನು ಹಾಗೇ ಮೇಲೆ ಹಿಡಿದು ಕೇಳಿದರು.

"ಶನಿವಾರ ಏನ ಮಾಡ್ತಿ?"

"ನಿದ್ದೆ ಮಾಡ್ತೀನಿ ಆಂಟಿ."

"ಎಷ್ಟೊತ್ತಿಗೆ ಏಳ್ತಿ?"

"ಹನ್ನೊಂದಾಗುತ್ತೆ."

"ಈ ಶನಿವಾರ ಒಂಬತ್ತಕ್ಕ ಏಳು. ಕಂಪ್ಯೂಟರ್ ತಗೊಂಡ ಬಾ." ವಿಳಾಸ ಹೇಳಿದ ಮೇಲೆ ಹೋಳಿಗೆ ಎಲೆಗೆ ಬಿತ್ತು. ಹೀಗೆ ಒಂದು ಹೋಳಿಗೆಗೆ ನನ್ನ ಶನಿವಾರಗಳೆಲ್ಲ ಮಾರಾಟವಾದವು.

ವಿಳಾಸ ನ್ಯೂ ಟೌನ್‌ನ ದೊಡ್ಡ ಆಸ್ಪತ್ರೆಯೊಂದರ ಹಿಂದಿನ ಬೀದಿಯದು. ಕ್ಯಾನ್ಸರ್ ಆದ ಮಕ್ಕಳೂ ಅವರ ತಂದೆತಾಯಿಯರೂ ಚಿಕಿತ್ಸೆ ನಡೆಯುವಷ್ಟು ತಿಂಗಳು ಉಳಿದುಕೊಳ್ಳಲು ಒಂದು ಟ್ರಸ್ಟ್ ನಡೆಸುವ ತಂಗುಮನೆ. ಹೋಗುವ ಮುಂಚೆ ನನಗೆ ಹೆದರಿಕೆಯಿತ್ತು. ಅಳುವ ಮಕ್ಕಳು, ಬಿಕ್ಕುವ ತಾಯಂದಿರು ಅಂದುಕೊಂಡಿದ್ದೆ. ಬಾಗಿಲಲ್ಲೇ ಬೋಳುತಲೆಯ ಎರಡು ಪೋರರು ಟ್ರೈಸಿಕಲ್‌ಗಾಗಿ ಬಡಿದಾಡುತ್ತಿದ್ದರು. ಒಬ್ಬಾಕೆ ತಾಯಿ ಅಡುಗೆಮನೆಯಿಂದಲೇ ಇಬ್ಬರಿಗೂ ಗದರುತ್ತಿದ್ದಳು. ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕೋಕಿಲಾ ಆಂಟಿ ಫೋನು, ರೈಲ್ವೆ ಟೈಮ್ ಟೇಬಲ್ಲು, ದಪ್ಪ ಕನ್ನಡಕ ಇಟ್ಟುಕೊಂಡು ಕೌಂಟರು ತೆರೆದೇ ಕೂತಿದ್ದರು.

ಅವರ ಕೆಲಸ ಫೋನು ಮಾಡುವುದು. ಊರಿಗೆ ಹೋದ ಮಕ್ಕಳು ಮತ್ತೆ ಆಸ್ಪತ್ರೆಗೆ ಬರುವ ದಿನ ಹತ್ತಿರವಾದಾಗ ನೆನಪಿಸುವುದು. ಹೇಗಿದ್ದೀರಿ, ಚೆನ್ನಾಗಿದ್ದೀರಾ ಎಂಬುದೆಲ್ಲ ಇಲ್ಲ. "ಮಂಗಳವಾರ. ಆರು ಹತ್ತರ ಗಾಡಿ. ರಕ್ತದ ಚೀಟಿ ಮರೀಬ್ಯಾಡ್ರಿ. ಇಡ್ತೀನಿ." ಅವರ ಬಂಗಾಳಿಯಲ್ಲೂ ಧಾರವಾಡವೇ ಇರುವುದರಿಂದ ಇದನ್ನು ಕನ್ನಡಕ್ಕೆ ತರಲು ನನಗೆ ಹೆಚ್ಚು ಕಷ್ಟವಿಲ್ಲ. ಆಶ್ಚರ್ಯವೆಂದರೆ ಜನ ಈ ಒರಟು ದನಿಯನ್ನೇ ನಂಬುತ್ತಿದ್ದರು. ಆಸ್ಪತ್ರೆಯಲ್ಲಿ ಸಿಹಿಮಾತು ಕೇಳಿದಷ್ಟೂ ಬಡವರಿಗೆ ಭಯ ಹೆಚ್ಚುತ್ತದೆ. ಬೈದು ಮಾತಾಡುವವರು ಸುಳ್ಳು ಹೇಳಲಾರರು ಎಂದು ಅವರ ಲೆಕ್ಕ.

ಇಷ್ಟು ಮಂದಿಯ ಮಾತ್ರೆಯ ಉಸಾಬರಿ ಮಾಡುವವರು ತಮ್ಮ ಮಾತ್ರೆಯನ್ನು ಮಾತ್ರ ಮರೆಯುತ್ತಿದ್ದರು. ರಕ್ತದೊತ್ತಡಕ್ಕೆ ಡಾಕ್ಟರು ಕೊಟ್ಟದ್ದು ಅವರ ಚೀಲದಲ್ಲಿ ಪಟ್ಟಿ ಪಟ್ಟಿಯಾಗಿ ಹಾಗೇ ಇರುತ್ತಿತ್ತು. "ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ ಮಾರಾಯ್ತಿ, ಅದು ಇದೇ," ಎಂದು ಚಂದ್ರಹಾಸ ಅಂಕಲ್ ನನ್ನೆದುರಿಗೇ ಹಂಗಿಸುತ್ತಿದ್ದರು. ಆಂಟಿಯದು ಒಂದೇ ಉತ್ತರ: "ನಾ ಆರಾಮ ಅದೀನಿ."

ಇನ್ನು ಚಾರ್ಟಿನ ವಿಷಯ. ಅದೇ ಈ ಕತೆಯ ಮೂಲ.

ಒಂದು ದಿನ ಮಾಲ್ದಾ ಕಡೆಯ ಒಬ್ಬ ತಂದೆ ಡಾಕ್ಟರರ ಕೋಣೆಯಿಂದ ಬಂದ. ಒಳಗೆ ಅರ್ಧ ಗಂಟೆ ತಲೆಯಾಡಿಸಿದ್ದ. ಆಂಟಿ ಕೇಳಿದರು, ಏನಂದರು ಡಾಕ್ಟರು? "ಗುಣವಾಗುತ್ತೆ ಅಂದ್ರು," ಎಂದ. ಎಷ್ಟು ದಿನ, ಏನೇನು, ಕೂದಲು ಯಾವಾಗ ಉದುರುತ್ತದೆ, ಬಾಯಿಹುಣ್ಣಾದರೆ ಏನು ಮಾಡಬೇಕು, ಯಾವುದೂ ಅವನ ತಲೆಗೆ ಹೋಗಿರಲಿಲ್ಲ. ಅದು ಡಾಕ್ಟರರ ತಪ್ಪೂ ಅಲ್ಲ, ಅವನದೂ ಅಲ್ಲ. ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಕೇಳಿದ ಮೇಲೆ ಯಾವ ಅಪ್ಪನ ಕಿವಿ ಕೆಲಸ ಮಾಡುತ್ತದೆ? ಆಂಟಿ ಆವತ್ತು ಸಂಜೆ ಒಂದು ಹಾಳೆ ತೆಗೆದುಕೊಂಡು ಉದ್ದಕ್ಕೆ ಗೆರೆ ಎಳೆದರು. ಗೆರೆಯ ಮೇಲೆ ಸ್ಟೇಷನ್ನುಗಳು. ಮೊದಲನೆಯದು ಐದು ವಾರದ್ದು, ಎರಡನೆಯದು ಇಷ್ಟು ತಿಂಗಳದ್ದು. ಪ್ರತಿ ಸ್ಟೇಷನ್ನಿನಲ್ಲಿ ಏನಾಗುತ್ತದೆ, ಏನು ತಿನ್ನಬಾರದು. "ರಕ್ತದ ಕಣ ಕಡಿಮಿ ಆದ್ರ ಸಿಗ್ನಲ್ ಇಲ್ಲ. ಗಾಡಿ ನಿಲ್ತೈತಿ. ನಿಂತದ್ದು ಅಷ್ಟ, ಹಳಿ ತಪ್ಪಿಲ್ಲ." ಆ ಮನುಷ್ಯ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮಾರನೆಯ ದಿನ ಐದು ಜನ ತಮಗೂ ಒಂದು ಬೇಕೆಂದು ಬಂದರು.

ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಎರಡು ಕಡೆ ತಿದ್ದಿ, ಒಳ್ಳೆಯದಾಗಿದೆ ಎಂದರು. ಅದನ್ನು ಚೆಂದಗೆ ಅಚ್ಚು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಯಾರೂ ನೋಡದ ಸ್ಲೈಡು ಮಾಡಿ ಮಾಡಿ ಬೇಸತ್ತಿದ್ದ ನಾನು ಈ ಚಾರ್ಟಿಗೆ ನನ್ನ ಕಲೆಯನ್ನೆಲ್ಲ ಸುರಿದೆ. ನೀಲಿ ಹಳಿ, ಹಳದಿ ಬೋರ್ಡು, ಬಂಗಾಳಿ ಅಕ್ಷರ. ಎಂಟೊಂಬತ್ತು ತಿಂಗಳ ಕಠಿಣ ಚಿಕಿತ್ಸೆ ಮುಗಿದ ಜಾಗಕ್ಕೆ ಆಂಟಿ, "ಇಲ್ಲಿ ಮನಿ ಅಂತ ದೊಡ್ಡದಾಗಿ ಬರಿ," ಎಂದರು. "ಮಂದಿಗೆ ಮುಂದ ಏನರ ಒಂದು ಕಾಣಬೇಕು." ನಾನು ದೊಡ್ಡದಾಗಿ ಬರೆದದ್ದಲ್ಲದೆ ಕೆಂಪು ಹೆಂಚಿನ ಮನೆಯೊಂದನ್ನೂ ಕೂರಿಸಿದೆ. ಮನೆಯ ಪಕ್ಕ ತೆಂಗಿನಮರ, ಮರದ ಕೆಳಗೆ ಆಕಳು. ಅದರ ಮುಂದೆ ಇನ್ನೂ ಎರಡು ವರ್ಷ ಮನೆಯಲ್ಲೇ ದಿನಾ ಮಾತ್ರೆ ತಿನ್ನಬೇಕು, ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಬೇಕು. ಅದನ್ನು ಆಂಟಿ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿಸಿದರು. ರೈಲ್ವೆ ಟೈಮ್ ಟೇಬಲ್ಲಿನ ಕಾಯಿದೆ ಅದೇ: ಮೇನ್ ಲೈನು ದೊಡ್ಡಕ್ಷರ, ಬ್ರಾಂಚ್ ಲೈನು ಅಡಿಯಲ್ಲಿ ಸಣ್ಣಕ್ಷರ. ಮೂವತ್ತೊಂದು ವರ್ಷ ಅದನ್ನೇ ಓದಿದ ಕಣ್ಣಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನನಗೆ ನನ್ನ ಆಕಳೇ ಕಾಣುತ್ತಿತ್ತು.

ಆ ಚಾರ್ಟಿನ ಮೊದಲ ಪ್ರತಿಗಳಲ್ಲಿ ಒಂದು ಟುಕ್‌ಟುಕಿಗೆ ಸಿಕ್ಕಿತು. ಆರು ವರ್ಷದ ಹುಡುಗಿ. ಕಾಕ್‌ದ್ವೀಪದ ಹತ್ತಿರ ವೀಳ್ಯದೆಲೆ ಬೆಳೆಯುವ ಹಳ್ಳಿಯವಳು. ಅಪ್ಪ ಕೇರಳದಲ್ಲಿ ಗಾರೆ ಕೆಲಸಕ್ಕಿದ್ದ. ಅಮ್ಮ ಶೆಫಾಲಿ ಅವಳನ್ನು ಕಟ್ಟಿಕೊಂಡು ಒಂಬತ್ತು ತಿಂಗಳು ತಂಗುಮನೆಯಲ್ಲಿದ್ದಳು. ಟುಕ್‌ಟುಕಿಗೆ ಆಂಟಿಯ ಚೀಲದಲ್ಲಿದ್ದ ಟಿಕೆಟ್ ಪಂಚಿನ ಮೇಲೆ ಪ್ರಾಣ. ಮರಿಯಪ್ಪ ಎಂಬ ಟಿಕೆಟ್ ಕಲೆಕ್ಟರು ಆಂಟಿಯ ನಿವೃತ್ತಿಯ ದಿನ ನೆನಪಿಗೆಂದು ಕೊಟ್ಟ ಹಳೆಯ ಕಬ್ಬಿಣದ ಪಂಚು ಅದು. ಅದು ಕೈಗೆ ಸಿಕ್ಕರೆ ಟುಕ್‌ಟುಕಿ ಎದುರಿಗೆ ಸಿಕ್ಕಿದ್ದಕ್ಕೆಲ್ಲ ತೂತು ಹೊಡೆಯುತ್ತಿದ್ದಳು. ಬಿಸ್ಕತ್ತಿನ ಪೊಟ್ಟಣ, ಅಮ್ಮನ ಸೆರಗು. ನನ್ನ ಆಫೀಸಿನ ಗುರುತಿನ ಚೀಟಿಯಲ್ಲಿ ನನ್ನ ಮೂಗಿನ ಜಾಗದಲ್ಲಿ ಇವತ್ತಿಗೂ ಒಂದು ತೂತಿದೆ. ಇಂಜೆಕ್ಷನ್ನಿನ ದಿನ ಪಂಚು ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದಳು. ನರ್ಸು ಒಂದು ಚುಚ್ಚಿದರೆ ತಾನೂ ಒಂದು ಚುಚ್ಚುವೆನೆಂಬ ಕರಾರು.

ಚಳಿಗಾಲ ಶುರುವಾಗುವ ಹೊತ್ತಿಗೆ ಅವಳು ಊರಿಗೆ ಹೋದಳು. ಮೊದಲ ತಿಂಗಳು ಬಂದು ತೋರಿಸಿಕೊಂಡಳು. ತಲೆಯ ಮೇಲೆ ನವಿರು ಕೂದಲು ಬಂದಿತ್ತು. ಎರಡನೇ ತಿಂಗಳು ಬರಲಿಲ್ಲ. ಆಂಟಿ ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಆಮೇಲೆ ಸ್ವಿಚ್ಡ್ ಆಫ್. ಆಂಟಿ ದಿನಾ ಹತ್ತು ಗಂಟೆಗೆ ಮೊದಲು ಆ ನಂಬರನ್ನೇ ಒತ್ತುತ್ತಿದ್ದರು. ಐದು ವಾರದ ಮೇಲೆ ಒಂದು ಬುಧವಾರ ಟುಕ್‌ಟುಕಿಯ ಅಜ್ಜಿ ಎತ್ತಿದಳು. ನನಗೆ ಅವತ್ತು ಮನೆಯಿಂದ ಕೆಲಸ. ಲ್ಯಾಪ್‌ಟಾಪು ತಂದು ಅಲ್ಲೇ ಕೂತಿದ್ದೆ, ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು.

"ಮಾತ್ರೆ ಮುಗಿದು ತಿಂಗಳಾಯ್ತು ಮಾ," ಅಜ್ಜಿ ಹೇಳಿದಳು. "ಇನ್ಯಾಕೆ? ನಾವು ಮನೆ ಮುಟ್ಟಿದ್ವಲ್ಲ. ನಿಮ್ಮ ಚಾರ್ಟಿನಲ್ಲೇ ಬರೆದಿದೆ. ದೇವರು ನಿಮಗೆ ಒಳ್ಳೇದು ಮಾಡಲಿ." ಫೋನು ಇಟ್ಟಳು.

ಆಂಟಿ "ಮುಂದ" ಎನ್ನಲಿಲ್ಲ. ಗೋಡೆಯ ಮೇಲಿನ ಚಾರ್ಟನ್ನು ನೋಡಿದರು. ನಾನೂ ನೋಡಿದೆ. ಮನೆ, ತೆಂಗಿನಮರ, ಆಕಳು. ಗಾಡಿ ಅಲ್ಲಿಗೆ ಬಂದು ನಿಂತಿತ್ತು. ಯಾರು ನೋಡಿದರೂ ಇಳಿದುಬಿಡುವ ಹಾಗೇ ಮಾಡಿದ್ದೆವು.

ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ಈ ಕಾಯಿಲೆಯಲ್ಲಿ ಮಗು ಗೆಲುವಾಗಿ ಕಂಡ ಮಾತ್ರಕ್ಕೆ ಕಾಯಿಲೆ ಹೋಗಿದೆಯೆಂದಲ್ಲ, ಎಲ್ಲೋ ಒಂದೆರಡು ಕಣ ಅಡಗಿ ಕೂತಿರುತ್ತವೆ, ಅವನ್ನು ಮುಗಿಸುವುದಕ್ಕೇ ಆ ಎರಡು ವರ್ಷದ ಮಾತ್ರೆ. ನಡುವೆ ಬಿಟ್ಟರೆ ತಿರುಗಿ ಬರಬಹುದು, ತಿರುಗಿ ಬಂದರೆ ಗುಣವಾಗುವುದು ಬಹಳ ಕಷ್ಟ. "ಬೇಗ ಕರೆತನ್ನಿ," ಎಂದರು.

ಆಂಟಿ ನನ್ನ ಕಡೆ ತಿರುಗಿದರು. "ನಾಳೆ ನಿನಗ ರಜಾ ಐತೇನು?"

"ನಾಳೆ ಗುರುವಾರ ಆಂಟಿ, ಕ್ಲೈಂಟ್ ಮೀಟಿಂಗ್ ಇದೆ."

"ರಜಾ ಐತೇನು ಅಂತ ಕೇಳೀನಿ."

ರಜಾ ಹಾಕಿದೆ. ಕಾರಣದ ಜಾಗದಲ್ಲಿ ಹೊಟ್ಟೆನೋವು ಎಂದು ಬರೆದೆ, ಅದು ಸುಳ್ಳೂ ಆಗಿರಲಿಲ್ಲ.

ಸಿಯಾಲ್ದಾದಿಂದ ನಾಮ್‌ಖಾನಾ ಲೋಕಲ್ಲು ಬೆಳಿಗ್ಗೆಯೇ ಇದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾರುಯಿಪುರ ಬಂದಾಗ ಆಂಟಿ ಕಿಟಕಿಗೆ ಮುಖ ಒತ್ತಿ ನೋಡಿದರು. ಲಕ್ಷ್ಮೀಕಾಂತಪುರ ಬಂದಾಗ, "ಇಷ್ಟ ಸಣ್ಣದೇನು ಇದು?" ಎಂದರು. ಆಗ ತಿಳಿಯಿತು, ಮೂವತ್ತೊಂದು ವರ್ಷ ಈ ಹೆಸರುಗಳನ್ನು ಲಕ್ಷ ಸಲ ಕೂಗಿದ ಹೆಂಗಸು ಈ ಲೈನಿನಲ್ಲಿ ಒಂದು ಸಲವೂ ಬಂದಿರಲಿಲ್ಲ. ಎಲ್ಲರಿಗೂ ಗಾಡಿ ತೋರಿಸಿ ತಾವು ಕೌಂಟರಿನಲ್ಲೇ ಉಳಿದಿದ್ದರು. ನಡುವೆ ಝಾಲ್‌ಮುಡಿ ಎಂಬ ಖಾರ ಮಂಡಕ್ಕಿಯವನು, ಬಾಚಣಿಗೆಯವನು, ಬೇಯಿಸಿದ ಮೊಟ್ಟೆಯವನು ಹತ್ತಿ ಇಳಿದರು. ಜಯನಗರದಲ್ಲಿ ಬೆಲ್ಲದ ಮೋಯಾ ಉಂಡೆಯ ಡಬ್ಬಿ ಕೊಂಡೆವು. ನಾನು ಒಂದು ತಿನ್ನಲು ಹೋದರೆ, "ಟುಕ್‌ಟುಕಿಗೆ," ಎಂದು ಮುಚ್ಚಳ ಹಾಕಿದರು. ದಾರಿಯುದ್ದಕ್ಕೂ ಅಜ್ಜಿಗೆ ಹೇಗೆ ಬೈಯಬೇಕೆಂದು ಬಾಯಿಪಾಠ ಮಾಡುತ್ತಿದ್ದರು. ಬೈಗುಳ ಚೆನ್ನಾಗಿಯೇ ಇದ್ದವು.

ಕಾಕ್‌ದ್ವೀಪದಲ್ಲಿ ಇಳಿದು ಟೋಟೋ ಎಂಬ ಬ್ಯಾಟರಿ ರಿಕ್ಷಾ ಹಿಡಿದು, ಸೆಣಬಿನ ಕಡ್ಡಿಯ ಗೋಡೆ ಕಟ್ಟಿದ ಎಲೆತೋಟಗಳ ನಡುವೆ ಅರ್ಧ ಗಂಟೆ ಹೋದೆವು. ಮನೆ ಸಿಗುವ ಮುಂಚೆ ಟುಕ್‌ಟುಕಿಯೇ ಸಿಕ್ಕಳು. ಎರಡು ಮೇಕೆಮರಿಗಳನ್ನು ಓಡಿಸಿಕೊಂಡು ಹೋಗುತ್ತಿದ್ದಳು. ಕೆನ್ನೆ ತುಂಬಿತ್ತು. ತಲೆಯಲ್ಲಿ ಒಂದಂಗುಲ ಕೂದಲು, ಅದಕ್ಕೆ ಬಲವಂತವಾಗಿ ಸಿಕ್ಕಿಸಿದ ಕ್ಲಿಪ್ಪು. ಈ ಮಗುವನ್ನು ನೋಡಿ ಕಾಯಿಲೆ ಎಂದರೆ ಹುಚ್ಚರು ನಾವೇ ಆಗುತ್ತೇವೆ ಎನ್ನಿಸಿತು. ಅಜ್ಜಿಯನ್ನು ಹೇಗೆ ಬೈಯುವುದು?

ಒಳಗೆ ಹೋದರೆ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ನಮ್ಮ ಚಾರ್ಟು. ಚೆಂಡುಹೂವಿನ ಮಾಲೆ ಹಾಕಿತ್ತು. ಮನೆ ಎಂಬ ಸ್ಟೇಷನ್ನಿನ ಮೇಲೆ ಸಿಂಧೂರ ಹಚ್ಚಿತ್ತು. ನನ್ನ ಆಕಳಿಗೂ ಒಂದು ಬೊಟ್ಟು ಬಿದ್ದಿತ್ತು.

ಶೆಫಾಲಿ ನಮ್ಮನ್ನು ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. "ನಾನು ಓದಿದ್ದೆ ಮಾಶಿಮಾ," ಎಂದಳು ಆಂಟಿಗೆ. "ಕೆಳಗಡೆ ಸಣ್ಣಕ್ಷರದಲ್ಲಿ ಇದ್ದದ್ದನ್ನ ಓದಲಿಲ್ಲ. ಟಿಕೆಟ್ಟಿನ ಹಿಂದೆ ಬರೆದಿರ್ತಾರಲ್ಲ ಕಾನೂನು, ಹಾಗೆ ಅಂದ್ಕೊಂಡೆ. ಡಾಕ್ಟರು ಹೇಳಿದ್ರು, ಹೌದು. ಮಾತ್ರೆ ತಿಂದ್ರೆ ವಾಂತಿ ಮಾಡ್ಕೋತಾಳೆ. ಅತ್ತೆ ಸಾಕು ಅಂದ್ರು. ನನಗೂ ಸಾಕಾಗಿತ್ತು."

ಅಜ್ಜಿ ಒಳಗಿನಿಂದ ಬಂದಳು. ಗಿಡ್ಡನೆಯ ಗಟ್ಟಿ ಹೆಂಗಸು. ನಮಗೆ ಮಣೆ ಹಾಕಿ, ಮಂಡಕ್ಕಿಯನ್ನೂ ಚಹಾವನ್ನೂ ಮುಂದಿಟ್ಟು, ಆಮೇಲೆ ನಿಂತುಕೊಂಡೇ ಹೇಳಿದಳು. "ಮನೆ ಮುಟ್ಟಿದ ಮಗುವನ್ನ ಮತ್ತೆ ಆ ಗಾಡಿ ಹತ್ತಿಸೋಲ್ಲ."

ಈಗ ಶುರುವಾಗುತ್ತದೆ ಎಂದು ನಾನು ಕಾದೆ. ದಾರಿಯಲ್ಲಿ ಕೇಳಿದ ಬೈಗುಳಗಳಲ್ಲಿ ಮೊದಲನೆಯದು ಯಾವುದು ಬರುತ್ತದೋ ಎಂದು. ಆಂಟಿ ಮಣೆ ಬಿಟ್ಟು ನೆಲದ ಮೇಲೆ ಕೂತರು.

ಅವರು ಒಮ್ಮೆ ನನಗೆ ಹೇಳಿದ್ದರು. ಸಿಯಾಲ್ದಾದ ಮೈಕಿನಲ್ಲಿ "ಪ್ರಯಾಣಿಕರಿಗೆ ಆದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದು ದಿನಕ್ಕೆ ಐವತ್ತು ಸಲ ಹೇಳುತ್ತಿದ್ದರಂತೆ, ಒಂದು ಸಲವೂ ವಿಷಾದ ಆದದ್ದಿಲ್ಲ. ಮಂಜು ಬಿದ್ದರೆ ತಪ್ಪು ಮಂಜಿನದು, ನನ್ನದೇನು ಎಂಬುದು ಅವರ ವಾದ. ಇಲ್ಲಿ ಆ ಮಾತು ಅವರ ಬಾಯಿಗೆ ಬರಲಿಲ್ಲ.

"ತಪ್ಪು ನಂದು," ಎಂದರು. "ಅದು ಕಡೀ ಸ್ಟೇಷನ್ ಅಲ್ಲ. ನಾ ಹಂಗ ಬರಸಿದ್ದು ತಪ್ಪಾತು. ನೀವು ಓದಿದ್ದು ಸರಿನ ಐತಿ."

ನನ್ನ ಆಕಳ ಪಾಲನ್ನೂ ಸೇರಿಸಿ ಎಲ್ಲವನ್ನೂ ತಮ್ಮ ತಲೆಗೇ ಕಟ್ಟಿಕೊಂಡರು. ನನಗೆ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ಆಂಟಿ ಅಡಗಿ ಕೂತಿರುವ ಕಣಗಳ ವಿಷಯವನ್ನು ಹೇಳಿದರು, ಎರಡು ವರ್ಷದ ಮಾತ್ರೆ ಯಾಕೆಂದು ಹೇಳಿದರು, ವಾಂತಿಗೆ ಬೇರೆ ಔಷಧಿ ಕೊಡುತ್ತಾರೆ ಎಂದರು. ಅಜ್ಜಿ ಎಲ್ಲ ಕೇಳಿದಳು. ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಅವತ್ತು ನೀನು ಹೇಳಿದ್ದು ತಪ್ಪು ಅಂತೀಯ. ಇವತ್ತು ಹೇಳೋದು ಸರಿ ಅಂತ ನಾನು ಹೇಗೆ ನಂಬಲಿ?"

ವಿಚಾರಣೆ ಕೌಂಟರಿನವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

"ನಂಬಬ್ಯಾಡ್ರಿ," ಎಂದರು ಆಂಟಿ. "ನಾ ಜೊತಿಗೆ ಬರ್ತೀನಿ. ಪ್ರತಿ ತಿಂಗಳ ತೋರಿಸೂ ದಿನದ ಹಿಂದಿನ ದಿನ ಇಲ್ಲಿಗೆ ಬರ್ತೀನಿ, ಟುಕ್‌ಟುಕಿನ ನನ್ನ ಬಾಜೂ ಕೂಡಿಸಿಕೊಂಡು ಕರಕೊಂಡ ಹೋಗ್ತೀನಿ. ಯಾವ ಗಾಡಿ ಅಂತ ಹೇಳಿ ಕಳಸೂದಿಲ್ಲ. ನಾನೂ ಹತ್ತೀನಿ ಅಂದ್ರ ಗಾಡಿ ಸರಿ ಐತಿ ಅಂತ ತಿಳೀರಿ."

"ಎಷ್ಟು ಸಲ?"

"ಇಪ್ಪತ್ನಾಲ್ಕು."

"ನಿನ್ನ ವಯಸ್ಸೆಷ್ಟು?"

"ಅರವತ್ತೆರಡು."

"ಗಂಡ ಬಿಡ್ತಾನಾ?"

"ಅವರನ್ನ ಕೇಳಿದ್ರ ಅಲ್ಲೇನ್ರಿ, ಬಿಡೂದು ಬಿಡದಿರೂದು?"

ಅಜ್ಜಿಗೆ ನಗು ಬಂತು, ತಡೆದುಕೊಂಡಳು. ಅಷ್ಟರಲ್ಲಿ ಟುಕ್‌ಟುಕಿ ಆಂಟಿಯ ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿ ಪಂಚು ಹೊರಗೆ ತೆಗೆದಿದ್ದಳು. ಮೋಯಾ ಡಬ್ಬಿಯ ಮುಚ್ಚಳಕ್ಕೆ ಮೊದಲ ತೂತು ಬಿತ್ತು.

"ಒಂದು ಸಲ ಕಳಿಸ್ತೀನಿ," ಎಂದಳು ಅಜ್ಜಿ. "ಮುಂದಿನ ತಿಂಗಳು ನೀನು ಬಂದರೆ ಎರಡನೇದರ ಮಾತು." ಮಧ್ಯಾಹ್ನದ ಗಾಡಿಗೆ ನಾವು ನಾಲ್ವರು ಹೊರಟೆವು. ಅಜ್ಜಿ ಹಿಂದಿನಿಂದ ಕೂಗಿ, ನಾವು ತಿನ್ನದೆ ಬಿಟ್ಟ ಮಂಡಕ್ಕಿಯನ್ನು ಕಟ್ಟಿ ಕೊಟ್ಟಳು.

ರಕ್ತ, ಬೆನ್ನಿನ ನೀರು, ಮೂಳೆಯ ಮಜ್ಜೆ ಎಲ್ಲವನ್ನೂ ತೆಗೆದರು. ಫಲಿತಾಂಶಕ್ಕೆ ಮೂರು ದಿನ ಎಂದರು. ಆ ಮೂರು ದಿನ ಆಂಟಿ ಯಾರಿಗೂ ಫೋನಿನಲ್ಲಿ ಬೈಯಲಿಲ್ಲ. ಕಿಶನ್‌ಗಂಜ್‌ನ ಒಬ್ಬ ತಂದೆ ಗಾಬರಿಯಾಗಿ ತಿರುಗಿ ಫೋನು ಮಾಡಿ, ನಮ್ಮ ರಿಪೋರ್ಟೇನಾದರೂ ಕೆಟ್ಟದಾಗಿದೆಯಾ ಎಂದು ಕೇಳಿದ. ಚಂದ್ರಹಾಸ ಅಂಕಲ್ ಮನೆಯಿಂದ ಒಗ್ಗರಣೆ ಅವಲಕ್ಕಿ ತಂದು ಪಕ್ಕದಲ್ಲಿಟ್ಟು, ಒಂದು ಮಾತೂ ಆಡದೆ ಕೂತು, ಖಾಲಿ ಮಾಡಿಸಿ ಡಬ್ಬಿ ವಾಪಸು ಒಯ್ಯುತ್ತಿದ್ದರು. ಮೂರನೇ ದಿನ ಡಾಕ್ಟರಮ್ಮ ಮಹಡಿಯ ಕೋಣೆಗೆ ಫೋನು ಮಾಡಿದರು. ಕಾಯಿಲೆಯ ಸುಳಿವು ಇಲ್ಲ. ಈ ಸಲ ಬಚಾವು, ಇನ್ನೊಂದು ಸಲ ಹೀಗಾಗಬಾರದು. ಆಂಟಿ "ಆತ್ರಿ" ಎಂದು ಫೋನಿಟ್ಟು, ಗೋಡೆಯ ಚಾರ್ಟನ್ನು ಕಿತ್ತು ನಾಲ್ಕು ತುಂಡು ಮಾಡಿದರು. ಆಮೇಲೆ ನನ್ನನ್ನು ನೋಡಿ, "ಹೊಸಾದು ಮಾಡು. ಆಕಳಾ ಬ್ಯಾಡ," ಎಂದರು.

ಹಳೆಯ ಚಾರ್ಟು ಒಯ್ದಿದ್ದ ಮನೆಗಳಿಗೆಲ್ಲ ಆ ವಾರವೇ ಫೋನು ಹೋಯಿತು. ಇನ್ನಿಬ್ಬರು ಹೀಗೇ ಇಳಿಯುವ ಯೋಚನೆಯಲ್ಲಿದ್ದರು, ಮಾತ್ರೆ ಇನ್ನೂ ಬಿಟ್ಟಿರಲಿಲ್ಲ. ಹೊಸ ಚಾರ್ಟಿನಲ್ಲಿ ಎಲ್ಲ ಅಕ್ಷರವೂ ಒಂದೇ ಅಳತೆ. ಕಠಿಣ ಚಿಕಿತ್ಸೆಯ ಮುಂದೆ ಇಪ್ಪತ್ತನಾಲ್ಕು ಸಣ್ಣ ಸ್ಟೇಷನ್ನುಗಳು, ಪ್ರತಿಯೊಂದಕ್ಕೂ ಒಂದು ಖಾಲಿ ಸುತ್ತು. ಆ ತಿಂಗಳ ಭೇಟಿ ಮುಗಿದ ಮೇಲೆ ಮಗುವೇ ಪಂಚು ಹೊಡೆಯಬೇಕು. ಇದು ಟುಕ್‌ಟುಕಿಯ ಐಡಿಯಾ. ಈಗ ತಂಗುಮನೆಯಲ್ಲಿ ಪಂಚಿಗಾಗಿ ಜಗಳ, ಟ್ರೈಸಿಕಲ್ಲನ್ನು ಕೇಳುವವರಿಲ್ಲ.

ಆಂಟಿ ಕೊಟ್ಟ ಮಾತಿನಂತೆ ನಡೆದರು. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿ ಸೋನಾರ್‌ಪುರದಲ್ಲೇ ಎರಡು ಗಂಟೆ ನಿಂತಾಗಲೂ ಹೋದರು. ದುರ್ಗಾಪೂಜೆಯ ನೂಕುನುಗ್ಗಲಿನಲ್ಲೂ ಹೋದರು. ಒಂದು ವರ್ಷವಾದ ಮೇಲೆ ಶೆಫಾಲಿ, "ನಾನೇ ಕರ್ಕೊಂಡು ಬರ್ತೀನಿ ಮಾಶಿಮಾ, ದಾರಿ ಗೊತ್ತಾಯ್ತು," ಎಂದರೆ, "ಇಪ್ಪತ್ನಾಲ್ಕು ಅಂದೀನಿ," ಎಂದರು. ಅಜ್ಜಿಗೂ ಇವರಿಗೂ ಎಂಥದೋ ಗೆಳೆತನ ಬೆಳೆಯಿತು. ಅದು ಮುಖ್ಯವಾಗಿ ಒಬ್ಬರಿಗೊಬ್ಬರು ಗದರುವುದರಲ್ಲಿ ಕಾಣಿಸುತ್ತಿತ್ತು. ಇವರು ಧಾರವಾಡದ ಕೆಂಪು ಚಟ್ನಿ ಒಯ್ದರೆ ಅವಳು, ಇದನ್ನು ಮನುಷ್ಯರು ತಿನ್ನುತ್ತಾರಾ ಎಂದಳಂತೆ. ಮುಂದಿನ ಸಲ ಖಾಲಿ ಸೀಸೆಯನ್ನು ತೊಳೆದು ಹಿಂದಿರುಗಿಸಿದಳು.

ಹೋದ ಫೆಬ್ರವರಿಗೆ ಇಪ್ಪತ್ತನಾಲ್ಕನೇ ತೂತು ಬಿತ್ತು. ಡಾಕ್ಟರಮ್ಮ ಮಾತ್ರೆ ನಿಲ್ಲಿಸಿದರು. ಸಾಧಾರಣವಾಗಿ ಆಂಟಿ ಕರೆತರುವುದಷ್ಟೇ, ವಾಪಸು ಶೆಫಾಲಿಯೇ ಕರೆದೊಯ್ಯುತ್ತಾಳೆ. ಅವತ್ತು ತಾವೂ ಕಾಕ್‌ದ್ವೀಪದವರೆಗೆ ಹೋಗುತ್ತೇನೆ ಎಂದರು. ನಾನೂ ಹೊರಟೆ, ಹೊಟ್ಟೆನೋವು ಎಂದೇ ಬರೆದು.

ಅಜ್ಜಿ ಪ್ಲಾಟ್‌ಫಾರ್ಮಿನಲ್ಲಿ ಕಾದಿದ್ದಳು. ಎಂಟು ದಾಟಿದ ಟುಕ್‌ಟುಕಿ ಎರಡು ಜಡೆ ಹಾರಿಸಿಕೊಂಡು ಓಡಿಹೋಗಿ ಅವಳ ಸೊಂಟ ಹಿಡಿದಳು. ಅಜ್ಜಿಯ ಕಂಕುಳಲ್ಲಿ ಸುರುಳಿ ಸುತ್ತಿದ ಹಾಳೆಯೊಂದಿತ್ತು. ಬಿಚ್ಚಿದರೆ ನಮ್ಮ ಹಳೆಯ ಚಾರ್ಟು. ಸಿಂಧೂರ ಒಣಗಿ ಕಂದು ಬಣ್ಣವಾಗಿತ್ತು, ಆಕಳು ಹಾಗೇ ಇತ್ತು.

"ಆ ಪಂಚು ತೆಗಿ," ಎಂದಳು ಅಜ್ಜಿ. "ಈಗ ಇದಕ್ಕೆ ಹೊಡಿ. ಮನೆ ಮುಟ್ಟಿದ್ವು ಅಂತ."

ಆಂಟಿ ಪಂಚು ತೆಗೆದರು. ಮನೆಯ ಚಿತ್ರದ ಮೇಲೆ ಇಟ್ಟರು. ಒತ್ತಲಿಲ್ಲ.

"ಇಲ್ಲ," ಎಂದರು. ಮೆಲ್ಲಗೆ ಹೇಳಿದರೂ ಅದೇ ಜಲ್ಲಿಯ ದನಿ. "ಡಾಕ್ಟರು ಮಾತ್ರಿ ನಿಲ್ಲಿಸ್ಯಾರ, ಅಷ್ಟ. ಇನ್ನ ಐದು ವರ್ಷ ನಡುನಡುವ ತೋರಿಸಬೇಕು. ಆಮ್ಯಾಲೆ ಹೇಳ್ತಾರ. ಅದಕಿಂತ ಮೊದಲ ಮನಿ ಅಂತ ನಾ ಎರಡನೇ ಸಲ ಹೇಳಾಕಿ ಅಲ್ಲ."

ಅಜ್ಜಿಗೆ ಸಿಟ್ಟು ಬರುತ್ತದೆಂದು ನಾನು ಅಂದುಕೊಂಡೆ. ಅವಳು ಆಂಟಿಯ ಮುಖವನ್ನೇ ನೋಡಿ, ಹಾಳೆಯನ್ನು ಮತ್ತೆ ಸುರುಳಿ ಸುತ್ತಿದಳು.

"ಸರಿ. ಐದು ವರ್ಷ ಆದ್ಮೇಲೆ ನೀನೇ ಬಂದು ಹೊಡೀಬೇಕು. ಬೇರೆ ಯಾರ ಕೈಲೂ ಹೊಡೆಸಲ್ಲ." ಆಮೇಲೆ ಕೇಳಿದಳು, "ಅಲ್ಲೀವರೆಗೆ ಇರ್ತೀಯಾ? ಹೋದ ಕಾರ್ತಿಕದಲ್ಲಿ ಇದೇ ಬೆಂಚಿನ ಮೇಲೆ ತಲೆ ತಿರುಗಿ ಕೂತೆಯಲ್ಲ, ನನಗೆ ಗೊತ್ತಿಲ್ಲ ಅಂದ್ಕೋಬೇಡ. ನಿನ್ನ ಗಂಡ ಫೋನಿನಲ್ಲಿ ಎಲ್ಲ ಹೇಳಿದ್ದಾನೆ. ಮಾತ್ರೆ ತಿಂತೀಯೋ ಇಲ್ಲವೋ?"

"ನಾ ಆರಾಮ ಅದೀನಿ," ಎಂದರು ಆಂಟಿ.

"ಟುಕ್‌ಟುಕಿಯೂ ಆರಾಮಾಗೇ ಇದ್ದಳು," ಎಂದಳು ಅಜ್ಜಿ. "ಮೇಕೆಮರಿ ಓಡಿಸ್ತಿದ್ದಳು."

ಆಂಟಿ ಬೆಂಚಿನ ಮೇಲೆ ಕೂತರು. ಚೀಲದ ತಳದಲ್ಲಿ ಕೈಯಾಡಿಸಿ ಮಾತ್ರೆಯ ಪಟ್ಟಿ ತೆಗೆದು, ತಾರೀಕು ಓದಿ, ಒಂದನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಟುಕ್‌ಟುಕಿ ಅವರ ಕೈಯ ಪಂಚು ಕಸಿದುಕೊಂಡು, ಇವರು ನುಂಗುವುದನ್ನೇ ಕಾಯುತ್ತ ಎದುರಿಗೆ ನಿಂತಿದ್ದಳು.

"ನಮ್ರತಾ," ಎಂದರು ಆಂಟಿ, "ನೀರು ಕೊಡವಾ."